ಸಂಬಳದ ಚೀಟಿಯಲ್ಲಿ ಅಂಬುಜಮ್ಮ

ದ್ರಾಕ್ಷಾಯಿಣಿಯವರಿಗೆ ಈಗ ಐವತ್ತಾರು. ಕನಕಪುರದಿಂದ ಸಾತನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ ಇದೆ. ಅಲ್ಲಿ ಅವರದು ಸಂಬಳ ಮಾಡುವ ಕೆಲಸ. ಸಂಬಳ ಕೊಡುವವರು ಬೇರೆ, ತಗೊಳ್ಳುವವರು ಬೇರೆ, ಇವರು ಮಧ್ಯೆ ಕೂತು ಅದನ್ನು ಮಾಡುವವರು. ಎಂಟುನೂರು ಚಿಲ್ಲರೆ ಜನ, ಅದರಲ್ಲಿ ಏಳುನೂರು ಹೆಂಗಸರು. ಪ್ರತಿ ತಿಂಗಳು ಏಳನೇ ತಾರೀಕಿನ ಒಳಗೆ ಅಷ್ಟೂ ಜನರ ಚೀಟಿ ತಯಾರಾಗಬೇಕು. ಇಪ್ಪತ್ತಮೂರು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಲ್ಲ. ಮಾವ ತೀರಿಕೊಂಡ ತಿಂಗಳು ಮನೆ ತುಂಬ ನೆಂಟರನ್ನು ಬಿಟ್ಟು ಬೆಳಿಗ್ಗೆ ಎರಡು ಗಂಟೆ ಹೊತ್ತು ಬಂದು ಕೂತು ಮುಗಿಸಿ ಹೋಗಿದ್ದರು. ನಾದಿನಿಯರು ಈಗಲೂ ಅದನ್ನು ಎತ್ತಿ ಆಡುತ್ತಾರೆ, ಆಡಲಿ.

ಫ್ಯಾಕ್ಟರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಹಾಜರಿ, ಸಂಬಳ ನೋಡುವ ಕೋಣೆಗೆ ಟೈಮ್ ಆಫೀಸ್ ಅನ್ನುತ್ತಾರೆ, ಹಾಗಾಗಿ ಎಲ್ಲರಿಗೂ ಟೈಮ್ ಆಫೀಸ್ ಮೇಡಂ. ಹಾಗೆ ನೋಡಿದರೆ ಅವರ ಹೆಸರು ಸುಮ್ಮನೆ ಇಟ್ಟದ್ದಲ್ಲ. ಮಾಗಡಿಯ ತವರು ಮನೆಯಲ್ಲಿ ತಾತ ಮೂರು ದಿನ ಯೋಚನೆ ಮಾಡಿ, ಇಬ್ಬರು ಚಿಕ್ಕಪ್ಪಂದಿರ ಜೊತೆ ಜಗಳ ಆಡಿ ಇಟ್ಟ ಹೆಸರು. ಶಿವನ ಹೆಂಡತಿಯ ಹೆಸರು, ಯಾರೂ ಅದನ್ನು ಅರ್ಧ ಮಾಡಿ ಕರೆಯಕೂಡದು ಎಂದು ತಾತ ಕಟ್ಟಪ್ಪಣೆ ಮಾಡಿದ್ದರಂತೆ. ಗಂಡ ಮಲ್ಲಿಕಾರ್ಜುನಯ್ಯನವರಿಗೆ ಕನಕಪುರದ ಪೇಟೆಯಲ್ಲಿ ಪಾತ್ರೆ ಅಂಗಡಿ. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಸ್ಟೀಲು ಪಾತ್ರೆಗಳ ಮೇಲೆ ಹೆಸರು ಕೊರೆಯುವ ಚಿಕ್ಕ ಮಷೀನು ಇಟ್ಟುಕೊಂಡಿದ್ದಾರೆ. ಮದುವೆಯಾದ ಹೊಸದರಲ್ಲಿ ಮನೆಯ ಅಷ್ಟೂ ಪಾತ್ರೆಯ ಮೇಲೆ ಹೆಂಡತಿಯ ಹೆಸರನ್ನು ಪೂರ್ತಿ ಕೊರೆದಿದ್ದರು. ಸೌಟನ್ನೂ ಬಿಟ್ಟಿರಲಿಲ್ಲ.

ಗಂಡನ ಊರು ದೊಡ್ಡಆಲಹಳ್ಳಿ. ಅಲ್ಲಿ ಅವರ ಜಮೀನು ಮೂರು ಕಡೆ ಹಂಚಿಹೋಗಿದೆ. ಒಂದು ಇಮಾಮ್ ಸಾಬ್ ಹೊಲ, ಇನ್ನೊಂದು ಚಲುವಯ್ಯನ ಹಿತ್ತಲು, ಮತ್ತೊಂದು ಗಂಗಮ್ಮನ ಗುಂಟೆ. ಇಮಾಮ್ ಸಾಬ್ ಅಂದರೆ ಯಾರು ಎಂದು ಹೊಸ ಸೊಸೆ ಕೇಳಿದರೆ ಮಾವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಅವರ ತಾತನ ಕಾಲದಲ್ಲಿ ಆ ಹೊಲವನ್ನು ಮಾರಿ ಚನ್ನಪಟ್ಟಣದ ಕಡೆ ಹೋದ ಯಾರೋ ಒಬ್ಬರು, ಅಷ್ಟೇ. ಪಹಣಿಯಲ್ಲಿ ಮಾವನ ಹೆಸರಿದೆ, ಸರ್ವೆ ನಂಬರ್ ಇದೆ. ಆದರೆ ನೂರಾ ಹದಿನೇಳನೇ ನಂಬರಿಗೆ ಬುತ್ತಿ ತಗೊಂಡು ಬಾ ಎಂದರೆ ಊರಲ್ಲಿ ಯಾರು ಹೋಗುತ್ತಾರೆ? ಇಮಾಮ್ ಸಾಬ್ ಹೊಲಕ್ಕೆ ಅಂದರೆ ಕಣ್ಣು ಮುಚ್ಚಿಕೊಂಡು ಹೋಗುತ್ತಾರೆ.

ದ್ರಾಕ್ಷಾಯಿಣಿ ಸಂಬಳದ ಹೆಡ್ಡುಗಳಿಗೆ ಹೆಸರಿಟ್ಟದ್ದು ಇದೇ ಲೆಕ್ಕದಲ್ಲಿ. ಸಂಬಳದ ಚೀಟಿಯಲ್ಲಿ ಒಂದರ ಕೆಳಗೆ ಒಂದು ಸಾಲು ಇರುತ್ತದಲ್ಲ, ಮೂಲ ವೇತನ, ತುಟ್ಟಿ ಭತ್ಯೆ, ಪಿಎಫ್ ಕಡಿತ ಅಂತ, ಆ ಒಂದೊಂದು ಸಾಲಿಗೂ ಹೆಡ್ಡು ಅನ್ನುತ್ತಾರೆ. ಸರ್ಕಾರದವರು ಹೇಳಿದ ಹೆಡ್ಡುಗಳಿಗೆ ಸರ್ಕಾರದ ಹೆಸರೇ ಇತ್ತು. ಮಿಕ್ಕಿದ್ದು ಹಳೇ ಯಜಮಾನರು ಬಾಯಿಮಾತಲ್ಲಿ ಕೊಡಿ ಎಂದದ್ದು. ರಾತ್ರಿ ಪಾಳಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವರಿಗೆ ಕೊಡುವ ಭತ್ಯೆ ಮೊದಲು ಸಿಕ್ಕಿದ್ದು ಗೌಸ್ ಅನ್ನುವವನಿಗೆ, ಹಾಗಾಗಿ ಕಂಪ್ಯೂಟರಿನಲ್ಲಿ ಅದರ ಹೆಸರು ಗೌಸ್. ಉಯ್ಯಂಬಳ್ಳಿ ಕಡೆಯ ಫ್ಯಾಕ್ಟರಿ ಬಸ್ಸು ನಿಂತು, ಅಲ್ಲಿಯವರಿಗೆ ಬಸ್ ಚಾರ್ಜು ಕೊಡಲು ಶುರು ಮಾಡಿದಾಗ ಅದಕ್ಕೆ ಆ ಬಸ್ಸಿನ ಡ್ರೈವರ್ ಬೈರಪ್ಪನ ಹೆಸರು. ಗೌಸ್ ಕೆಲಸ ಬಿಟ್ಟು ಹೋದ, ಬೈರಪ್ಪ ತೀರಿಕೊಂಡ. ಚೀಟಿಯಲ್ಲಿ ಇಬ್ಬರೂ ಉಳಿದರು. ಯಾರಿಗೂ ಅದರಿಂದ ತೊಂದರೆಯಾಗಲಿಲ್ಲ.

ಅಂಬುಜಮ್ಮನ ಹೆಡ್ಡು ಹುಟ್ಟಿದ್ದು ಮಾತ್ರ ಬೇರೆ ಥರ.

ಎರಡು ಸಾವಿರದ ಒಂಬತ್ತನೇ ಇಸವಿ. ಹೆಂಗಸರ ಟಾಯ್ಲೆಟ್ಟು ತೊಳೆಯಲು ಕಂಟ್ರಾಕ್ಟರ್ ಕಡೆಯಿಂದ ಬರುತ್ತಿದ್ದ ಇಬ್ಬರು ಒಂದು ದಿನ ಬರುವುದು ನಿಲ್ಲಿಸಿದರು. ಕಂಟ್ರಾಕ್ಟರ್ ಅವರಿಗೆ ನಾಲ್ಕು ತಿಂಗಳ ಕೂಲಿ ತಿಂದುಹಾಕಿದ್ದ. ಬೇರೆಯವರನ್ನು ಕೇಳಲು ಹೋದರೆ, ಈ ಕೆಲಸ ಅಂದ ಕೂಡಲೇ ನಮ್ಮ ಕೇರಿಗೇ ಯಾಕೆ ಬರ್ತೀರಿ, ನಿಮ್ಮೋರಿಗೆ ಕೈ ಇಲ್ವಾ ಎಂದು ಕೇಳಿ ಕಳಿಸಿದರು. ಕೇಳಿದ್ದರಲ್ಲಿ ತಪ್ಪೇನಿತ್ತು? ಏಳುನೂರು ಹೆಂಗಸರು ಹೋಗುವ ಜಾಗ ಐದು ದಿನ ತೊಳೆಯದೆ ಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಇಬ್ಬರು ಮಷೀನಿನ ಮುಂದೆಯೇ ತಲೆಸುತ್ತಿ ಬಿದ್ದರು.

ಆರನೆಯ ದಿನ ಅಂಬುಜಮ್ಮ ಸೀರೆ ಎತ್ತಿ ಕಟ್ಟಿದರು. ಕಬ್ಬಾಳಿನವರು, ಬಟ್ಟೆಯ ದಾರ ಕತ್ತರಿಸುವ ಹೆಲ್ಪರ್, ನಾಲ್ಕೆಕರೆ ಜಮೀನಿರುವ ಒಕ್ಕಲು ಮನೆಯ ಹೆಂಗಸು. ಯಾರಿಗೂ ಹೇಳಲಿಲ್ಲ, ಯಾರನ್ನೂ ಕರೆಯಲಿಲ್ಲ. ಒಂದು ಪೊರಕೆ, ಒಂದು ಬಕೆಟ್ಟು, ಎರಡು ಬಾಟಲಿ ಫಿನಾಯಿಲ್ ತಗೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಊಟದ ಗಂಟೆ ಹೊಡೆಯುವಷ್ಟರಲ್ಲಿ ಹನ್ನೆರಡೂ ಕೋಣೆ ತೊಳೆದು ಮುಗಿದಿತ್ತು.

ಹಳೇ ಯಜಮಾನರು ತಿಂಗಳಿಗೆ ಇಷ್ಟು ಅಂತ ಹಾಕಿ ಕೊಡಿ ಎಂದು ಟೈಮ್ ಆಫೀಸಿಗೆ ಹೇಳಿ ಕಳಿಸಿದರು. ಸಾಯಂಕಾಲ ಅಂಬುಜಮ್ಮ ದ್ರಾಕ್ಷಾಯಿಣಿಯ ಮೇಜಿನ ಮುಂದೆ ಬಂದು ನಿಂತರು.

“ಮೇಡಮ್ಮೋರೆ, ದುಡ್ಡು ಕೊಟ್ರೆ ಬ್ಯಾಡ ಅನ್ನಕಿಲ್ಲ. ಆದ್ರೆ ಚೀಟೀಲಿ ಕಕ್ಕಸು ಗಿಕ್ಕಸು ಅಂತ ಬರೀಬ್ಯಾಡಿ. ನಮ್ಮನೇಲಿ ಗೊತ್ತಾದ್ರೆ ಒಲೆ ಮುಂದಕ್ಕೆ ಸೇರ್ಸಕಿಲ್ಲ ನನ್ನ.”

“ಮತ್ತೆ ಏನಂತ ಬರೀಲಿ ಅಂಬುಜಕ್ಕ?”

“ಏನಾರ ಬರ್ಕಳಿ. ನನ್ ಹೆಸ್ರೇ ಬರ್ಕಳಿ.”

ದ್ರಾಕ್ಷಾಯಿಣಿ ಬರೆದುಕೊಂಡರು. ಗೌಸ್ ಕೆಳಗೆ, ಬೈರಪ್ಪನ ಮೇಲೆ.

ಮುಂದಿನ ವರ್ಷ ಅಂಬುಜಮ್ಮನ ಮಂಡಿ ಕೈಕೊಟ್ಟಿತು. ಒಬ್ಬರೇ ಮಾಡಲಾಗದೆ ಇನ್ನಿಬ್ಬರು ಸೇರಿಕೊಂಡರು, ಆಮೇಲೆ ನಾಲ್ವರು, ಹೋಗ್ತಾ ಹೋಗ್ತಾ ಹದಿನಾಲ್ಕು ಜನವಾದರು. ಎಲ್ಲರೂ ಹೊಲಗದ್ದೆ ಇರುವ ಮನೆಯವರೇ, ಎಲ್ಲರದೂ ಮನೆಯಲ್ಲಿ ಗೊತ್ತಾಗಬಾರದು ಎಂಬ ಒಂದೇ ಷರತ್ತು. ಅಂಬುಜಮ್ಮ ಕೆಲಸ ಬಿಟ್ಟು ಊರಿಗೆ ಹೋದರು. ಮಾಲೀಕರು ಬದಲಾದರು. ಕ್ಲೀನಿಂಗ್ ಕಂಟ್ರಾಕ್ಟ್ ಕೊಡುವ ಮಾತು ವರ್ಷಕ್ಕೊಮ್ಮೆ ಬರುತ್ತಿತ್ತು, ಖರ್ಚು ನೋಡಿ ಹೋಗುತ್ತಿತ್ತು. ಈಗ ಒಬ್ಬೊಬ್ಬರಿಗೆ ತಿಂಗಳಿಗೆ ಎರಡು ಸರದಿ, ಒಂಬೈನೂರು ರೂಪಾಯಿ. ಸರದಿಯ ಪಟ್ಟಿಯನ್ನು ದ್ರಾಕ್ಷಾಯಿಣಿಯೇ ಕೈಯಲ್ಲಿ ಬರೆದು ಟೈಮ್ ಆಫೀಸಿನ ಬಾಗಿಲಿಗೆ ಅಂಟಿಸುತ್ತಾರೆ. ಮೇಲೆ ತಲೆಬರಹ ಅಂಬುಜಮ್ಮ, ಕೆಳಗೆ ತಾರೀಕು, ತಾರೀಕಿನ ಎದುರಿಗೆ ಹೆಸರು.

ಹೊಲಿಗೆ ಸಾಲುಗಳಲ್ಲೂ ಮಾತು ಹಾಗೆಯೇ ಆಗಿಹೋಯಿತು. ಇವತ್ತು ಅಂಬುಜಮ್ಮ ಯಾರ್ದು ಎಂದು ಒಬ್ಬಳು ಕೇಳುತ್ತಾಳೆ. ನಂದು, ನಾಳೆ ಅವಳ್ದು ಎಂದು ಇನ್ನೊಬ್ಬಳು ಹೇಳುತ್ತಾಳೆ. ದ್ರಾಕ್ಷಾಯಿಣಿ ಅದನ್ನು ದಿನಕ್ಕೆ ನಾಲ್ಕು ಸಲ ಕೇಳಿದ್ದಾರೆ, ಕೇಳಿ ಕೇಳಿ ಅದು ಫ್ಯಾನಿನ ಸದ್ದಿನ ಹಾಗೆ ಕಿವಿಗೇ ಬೀಳುತ್ತಿರಲಿಲ್ಲ.

ಈ ವರ್ಷದ ಶುರುವಿನಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಅದನ್ನು ಕೂರಿಸಲು ಬೆಂಗಳೂರಿನಿಂದ ಮೇಘನಾ ಅನ್ನುವ ಹುಡುಗಿ ಬರುತ್ತಿದ್ದಳು. ಇಪ್ಪತ್ತೆಂಟು ವಯಸ್ಸು, ಕೆಲಸ ಬಲ್ಲವಳು, ಮಾತಿಗೆ ಮುಂಚೆ ಮೇಡಂ ಎನ್ನುವವಳು. ಕೆಟ್ಟವಳಲ್ಲ ಎಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವಳು ಹೆಡ್ಡು ಅನ್ನುತ್ತಿರಲಿಲ್ಲ, ಎಲಿಮೆಂಟ್ ಅನ್ನುತ್ತಿದ್ದಳು. ಪ್ರತಿ ಎಲಿಮೆಂಟಿನ ಹೆಸರಿಗೂ ನಾಲ್ಕು ತುಂಡು ಇರಲೇಬೇಕು: ದೇಶ ಯಾವುದು, ಕೊಡುವುದೋ ಹಿಡಿಯುವುದೋ, ಯಾತಕ್ಕೆ, ಎಷ್ಟು ದಿನಕ್ಕೊಮ್ಮೆ. ಮನುಷ್ಯರ ಹೆಸರು ಇಡುವ ಹಾಗಿಲ್ಲ. ಯಾತಕ್ಕೆ ಎನ್ನುವ ತುಂಡು ಖಾಲಿ ಬಿಟ್ಟರೆ ಆ ಹೆಡ್ಡು ಹೊಸ ಸಿಸ್ಟಂಗೆ ಬರುವುದೇ ಇಲ್ಲ, ಅದರ ದುಡ್ಡೂ ನಿಂತುಹೋಗುತ್ತದೆ.

ದ್ರಾಕ್ಷಾಯಿಣಿ ಅವಳಿಗೆ ಇಮಾಮ್ ಸಾಬ್ ಹೊಲದ ಕಥೆ ಹೇಳಿದರು. ಮೇಘನಾ ಪೂರ್ತಿ ಕೇಳಿಸಿಕೊಂಡು ನಕ್ಕಳು.

“ಚೆನ್ನಾಗಿದೆ ಮೇಡಂ. ಆದ್ರೆ ನೀವು ರಿಟೈರ್ ಆದಮೇಲೆ ಗೌಸ್ ಅಂದ್ರೆ ಬಾಯ್ಲರ್ ಅಂತ ನಾವು ಯಾರನ್ನ ಕೇಳ್ಬೇಕು?”

ಮಾವನಿಗೂ ಇಮಾಮ್ ಸಾಬ್ ಯಾರೆಂದು ಗೊತ್ತಿರಲಿಲ್ಲವಲ್ಲ. ಹುಡುಗಿ ಹೇಳುವುದು ಸರಿ ಎಂದು ಒಪ್ಪಿಕೊಂಡು ದ್ರಾಕ್ಷಾಯಿಣಿ ಒಂದೊಂದಾಗಿ ಹೆಸರು ಬಿಚ್ಚಿಕೊಟ್ಟರು. ಗೌಸ್ ಹೋಗಿ ಬಾಯ್ಲರ್ ರಾತ್ರಿ ಪಾಳಿ ಬಂತು. ಬೈರಪ್ಪ ಹೋಗಿ ಪ್ರಯಾಣ ಭತ್ಯೆ ಬಂತು. ಎರಡು ವಾರದಲ್ಲಿ ಅರವತ್ತೊಂದು ಹೆಡ್ಡು ಮುಗಿದವು. ಒಂದು ಉಳಿಯಿತು.

“ಅಂಬುಜಮ್ಮ ಯಾತಕ್ಕೆ ಮೇಡಂ?” ಎಂದು ಮೇಘನಾ ಕೇಳಿದಳು. ದ್ರಾಕ್ಷಾಯಿಣಿ ಎದ್ದು ಬಾಗಿಲು ಹಾಕಿ ಬಂದು ಹೇಳಿದರು. ಟಾಯ್ಲೆಟ್ ಅನ್ನುವುದು ಬೇಡವಾದರೆ ಸ್ವಚ್ಛತಾ ಭತ್ಯೆ ಎಂದು ಹಾಕಬಹುದು ಎಂದಳು ಮೇಘನಾ. ಆದರೆ ಒಂದು ವಿಷಯ: ಇನ್ನು ಮೇಲೆ ಕಾಗದದ ಚೀಟಿ ಇಲ್ಲ, ಚೀಟಿ ಎಲ್ಲರ ಫೋನಿಗೂ ಹೋಗುತ್ತದೆ, ಕನ್ನಡದಲ್ಲೇ ಹೋಗುತ್ತದೆ, ಯಾತಕ್ಕೆ ಎಂಬ ತುಂಡು ದಪ್ಪ ಅಕ್ಷರದಲ್ಲಿ ಬರುತ್ತದೆ.

ಮರುದಿನ ಊಟದ ಹೊತ್ತಿನಲ್ಲಿ ಹದಿನಾಲ್ಕೂ ಜನ ಟೈಮ್ ಆಫೀಸಿನಲ್ಲಿ ಕೂಡಿದರು. ಡಬ್ಬಿ ತೆಗೆಯಲು ಯಾರಿಗೂ ಮನಸ್ಸಿರಲಿಲ್ಲ. ಎಲ್ಲರ ಪರವಾಗಿ ಮಾತಾಡಿದ್ದು ಉಯ್ಯಂಬಳ್ಳಿಯ ಸೌಮ್ಯ. ಎರಡನೇ ಲೈನಿನ ಟೈಲರ್, ಮೂವತ್ತೆರಡು ವಯಸ್ಸು, ಎರಡು ಮಕ್ಕಳ ತಾಯಿ.

“ಮೇಡಂ, ನನ್ ಫೋನು ನನ್ ಕೈಲಿ ಎಲ್ಲಿರ್ತದೆ? ಮನೆಗೋದ್ರೆ ಮಗ ಕಿತ್ಕಂತಾನೆ. ಅವ್ನು ಬುಟ್ರೆ ನಮ್ ಮಾವ ನ್ಯೂಸ್ ನೋಡ್ತರೆ. ಸ್ವಚ್ಛತೆ ಅಂದ್ರೆ ಏನು ಅಂತ ಅವ್ರಿಗೆ ಗೊತ್ತಾಗಕಿಲ್ವಾ?”

“ಒಂಬೈನೂರು ರೂಪಾಯಿ ಬರ್ತದಲ್ಲ ಸೌಮ್ಯ.”

“ಆ ದುಡ್ಡಲ್ಲೇ ಮಗಳ ಸ್ಕೂಲ್ ವ್ಯಾನಿಗೆ ಕಟ್ತಾ ಇವ್ನಿ. ಬೇಕು ಮೇಡಂ, ಬ್ಯಾಡ ಅಂತ ಯಾರಂದ್ರು? ಆದ್ರೆ ಅಂಬುಜಮ್ಮ ಅಂತಿದ್ರೆ ಮಾಡ್ತೀವಿ. ಇಲ್ಲಾಂದ್ರೆ ನಾಳೆಯಿಂದ ಪೊರಕೆ ಮುಟ್ಟಕಿಲ್ಲ ನಾವು.”

ಹದಿನಾಲ್ಕು ಜನರ ದುಡ್ಡು ಒಂದು ಕಡೆ, ಏಳುನೂರು ಜನರ ಟಾಯ್ಲೆಟ್ಟು ಇನ್ನೊಂದು ಕಡೆ. ದ್ರಾಕ್ಷಾಯಿಣಿಗೆ ಆ ಐದು ದಿನಗಳ ವಾಸನೆ ಇನ್ನೂ ನೆನಪಿತ್ತು. ಮೇಘನಾಗೆ ಹೇಳಿದರು, ಕೇಳಿಕೊಂಡರು, ಸ್ವಲ್ಪ ರೇಗಿಯೂ ಬಿಟ್ಟರು. ಅವಳು ನಿಯಮದ ಪುಸ್ತಕವನ್ನು ಪೂರ್ತಿ ತಿರುವಿ ಒಂದು ದಾರಿ ಹುಡುಕಿದಳು. ಯಾರದಾದರೂ ಗೌರವಾರ್ಥ ಇಟ್ಟ ಯೋಜನೆಯಾದರೆ ಮನುಷ್ಯರ ಹೆಸರು ನಡೆಯುತ್ತದೆ. ಆದರೆ ಆ ವ್ಯಕ್ತಿ ಬದುಕಿದ್ದರೆ ಅವರದೇ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಸೋಮವಾರ ಕೊನೆಯ ದಿನ.

ಒಂದು ಸಹಿ ತಾನೆ ಎಂದುಕೊಂಡರು ದ್ರಾಕ್ಷಾಯಿಣಿ. ಪತ್ರವನ್ನು ಟೈಪ್ ಮಾಡಿಸಿ, ಎರಡು ಕಿಲೋ ಸೇಬು ಕೊಂಡು, ಭಾನುವಾರ ಬೆಳಿಗ್ಗೆ ಕಬ್ಬಾಳಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವರಿಗೆ ಖುಷಿಯೇ ಇತ್ತು. ಅಂಬುಜಕ್ಕನ ಹೆಸರಿಗೆ ಗೌರವ ಯೋಜನೆ ಅಂದರೆ ಆ ಮುದುಕಿ ಹಿಗ್ಗುತ್ತಾರೆ ಎಂದು ಅವರ ಎಣಿಕೆ.

ಅಂಬುಜಮ್ಮ ಮನೆಯ ಮುಂದಿನ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಹಿಂದೆ ಬೆಟ್ಟ, ಮುಂದೆ ರಸ್ತೆಯಲ್ಲಿ ದೇವಸ್ಥಾನಕ್ಕೆ ಬಂದವರ ಕಾರುಗಳ ಸದ್ದು. ಅರವತ್ತೈದು ದಾಟಿದ್ದರೂ ಕಣ್ಣು ಚುರುಕಾಗಿತ್ತು. ಕೂತ ಜಾಗದಿಂದಲೇ ಗುರುತು ಹಿಡಿದರು.

“ಬಾರವ್ವ. ಟೈಮ್ ಆಫೀಸ್ನೋರಲ್ವಾ ನೀನು? ಕೂತ್ಕೊ, ಒಸಿ ಕಾಫಿ ಕುಡಿಯುವಂತೆ.”

ಅಲ್ಲಿ ಮೇಡಮ್ಮೋರೆ ಎನ್ನುತ್ತಿದ್ದವರು ಇಲ್ಲಿ ತಮ್ಮ ಜಗಲಿಯ ಮೇಲೆ ನೀನು ಎಂದದ್ದು ದ್ರಾಕ್ಷಾಯಿಣಿಗೆ ಹಿತವೇ ಆಯಿತು. ಕಾಫಿ ಕುಡಿದು, ಮಕ್ಕಳು ಮರಿ ಎಲ್ಲ ವಿಚಾರಿಸಿ, ಒಳಗೆ ಸೊಸೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪತ್ರ ತೆಗೆದರು. ಸಾಫ್ಟ್‌ವೇರಿನ ಕಥೆ ಹೇಳಿದರು. ಹದಿನಾಲ್ಕು ಹೆಂಗಸರ ಮಾತು ಹೇಳಿದರು. ಅಂಬುಜಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನನ್ ಹೆಸ್ರು ಇನ್ನೂ ಐತಾ ಅಲ್ಲಿ?”

“ಇದೆ ಅಂಬುಜಕ್ಕ. ಹದಿನಾರು ವರ್ಷ ಆಯ್ತು.”

“ಗೊತ್ತು ಕಣವ್ವ.” ಅವರು ಸಿಪ್ಪೆಯನ್ನು ಮೊರದ ಒಂದು ಬದಿಗೆ ತಳ್ಳಿದರು. “ನಾಕೈದು ವರ್ಷದ ಕೆಳಗೆ ಒಂದ್ ಮಂಗಳವಾರ ಗುಡಿಗೆ ಹೋಗಿದ್ದೆ. ಕ್ಯೂ ನಿಂತಿದ್ದೆ, ಕೈಯಾಗೆ ಕಾಯಿ ಇತ್ತು. ನನ್ ಮುಂದೆ ಇಬ್ರು ಹುಡ್ಗೀರು, ನಿಮ್ ಗಾರ್ಮೆಂಟ್ಸೋರೇ, ಕತ್ನಲ್ಲಿ ಕಾರ್ಡು ನೇತಾಕ್ಕಂಡಿದ್ರು. ಒಬ್ಳು ಅಂಬುಜಮ್ಮ ಅಂದ್ಲು. ನನ್ನೇ ಕರೀತಾವ್ಳೆ ಅಂದ್ಕಂಡು ಏನವ್ವ ಅಂದೆ. ಅವ್ಳು ತಿರ್ಗೂ ನೋಡ್ಲಿಲ್ಲ. ನಾಳೆ ನಂಗೆ ಅಂಬುಜಮ್ಮ ಐತೆ ಕಣೆ, ಥೂ, ನೆನುಸ್ಕಂಡ್ರೆ ಊಟ ಸೇರಕಿಲ್ಲ ಅಂದ್ಲು. ಇನ್ನೊಬ್ಳು ಮೂಗು ಮುಚ್ಕಂಡು ನಕ್ಳು.”

ದ್ರಾಕ್ಷಾಯಿಣಿ ಪತ್ರವನ್ನು ಮಡಿಸಿದರು, ಮತ್ತೆ ಬಿಚ್ಚಿದರು.

“ಅಮ್ಮನ ಮುಂದೆ ಹೋಗಿ ನಿಂತ್ಕಂಡೆ. ಪೂಜಾರಪ್ಪ ಹೆಸ್ರು ಹೇಳಿ ಅಂದ. ನಂಗೆ ಬಾಯೇ ಬರ್ಲಿಲ್ಲ. ನಮ್ ಯಜಮಾನ್ರ ಹೆಸ್ರಲ್ಲಿ ಮಾಡುಸ್ಕಂಡು ಬಂದ್ಬುಟ್ಟೆ.”

“ಯಾರೂ ಬೇಕು ಅಂತ ಮಾಡಿದ್ದಲ್ಲ ಅಂಬುಜಕ್ಕ.”

“ಬೇಕು ಅಂತ ಯಾರ್ ಮಾಡ್ತರೆ? ಬರ್ಕಳಿ ಅಂದೋಳೂ ನಾನೇಯ. ಆದ್ರೆ ನಾನು ನನ್ನ ಮಟ್ಟಿಗೆ ಅಂದೆ. ಹದಿನಾಲ್ಕು ಜನಕ್ಕೆ ಅಂತ ಅನ್ಲಿಲ್ಲ. ನಾನು ಬುಟ್ಟು ಬಂದ ಮ್ಯಾಲಾದ್ರೂ ತಗೀಬೋದಿತ್ತು ನೀನು.”

ಅದು ನಿಜ. ತೆಗೆಯಬಹುದಿತ್ತು. ಹೊಸ ಮಾಲೀಕರು ಬಂದಾಗ ಒಂದು ಸಲ, ಹೊಸ ಕಂಪ್ಯೂಟರ್ ಬಂದಾಗ ಒಂದು ಸಲ. ಪ್ರತಿ ತಿಂಗಳು ಪಟ್ಟಿಯ ಮೇಲೆ ತಲೆಬರಹ ಬರೆಯುವಾಗ ಕೂಡ. ದ್ರಾಕ್ಷಾಯಿಣಿಗೆ ನಾಚಿಕೆಯಾಯಿತು. ಆದರೂ ಬಂದ ಕೆಲಸ ಬಿಡಲು ಆಗಲಿಲ್ಲ. ಆ ಹದಿನಾಲ್ಕು ಜನರಿಗೆ ದುಡ್ಡು ತಪ್ಪಿಹೋಗುತ್ತದೆ, ಸಹಿ ಇಲ್ಲದಿದ್ದರೆ ನಡೆಯುವುದಿಲ್ಲ ಎಂದು ಇನ್ನೊಂದು ಸಲ ಹೇಳಿದರು.

ಅಂಬುಜಮ್ಮ ಮೊರವನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

“ಅವ್ರಿಗೆ ಒಂದು ಹೆಸ್ರು ಬೇಕು, ಅಷ್ಟೇ ತಾನೆ? ಹೆಂಗಸ್ರ ಹೆಸ್ರು, ಮನೇಲಿ ಯಾರೂ ಏನು ಅಂತ ಕೇಳ್ದಂಗಿರದು.”

“ಹೌದು.”

“ನಿನ್ ಹೆಸ್ರೇನವ್ವ? ಮೇಡಮ್ಮೋರೆ ಮೇಡಮ್ಮೋರೆ ಅಂದು ಅಂದು, ಕೇಳ್ದೋಳೇ ಅಲ್ಲ ನಾನು.”

ಹೇಳಿದರು.

“ವಸಿ ಉದ್ದ ಆಯ್ತು. ಇರ್ಲಿ, ಚೆಂದಾಗೈತೆ. ಅದ್ನೇ ಹಾಕು.”

ಸೇಬಿನ ಚೀಲ ಅಲ್ಲೇ ಬಿಟ್ಟು, ಸಹಿ ಇಲ್ಲದ ಪತ್ರ ಬ್ಯಾಗಿನಲ್ಲಿಟ್ಟುಕೊಂಡು ದ್ರಾಕ್ಷಾಯಿಣಿ ವಾಪಸು ಬಂದರು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂತದ್ದು ಗೊತ್ತಾಗಲಿಲ್ಲ. ಅವರು ಲೆಕ್ಕ ಹಾಕುತ್ತಿದ್ದರು. ರಿಟೈರಾಗಲು ಇನ್ನೆರಡು ವರ್ಷ. ಶಾಲು ಹೊದಿಸಿ, ಹಾರ ಹಾಕಿ, ಮೈಕಿನಲ್ಲಿ ಇಪ್ಪತ್ತೈದು ವರ್ಷದ ಸೇವೆ ಎಂದು ಹೆಸರು ಹೇಳುತ್ತಾರೆ. ಆ ಹೆಸರು ಕೇಳಿ ಹಿಂದಿನ ಸಾಲಿನಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡು ನಗುತ್ತಾರೆ. ಬೈರಪ್ಪನ ಹೆಸರು ಹಾಕಬಹುದು ಎನಿಸಿತು. ಸತ್ತವನು, ತಕರಾರು ಮಾಡುವುದಿಲ್ಲ, ಹೆಂಡತಿಯ ಹತ್ತಿರ ಸಹಿ ತಗೊಂಡರೆ ಆಯಿತು. ಹಾಗೆ ಯೋಚಿಸಿದ ಮರುಗಳಿಗೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಇನ್ನೊಬ್ಬರ ಹೆಸರು ಕೇಳಲು ಹೊರಟಾಗ ಎರಡು ಕಿಲೋ ಸೇಬು ಸಾಕು ಅನಿಸಿತ್ತು. ತಮ್ಮದು ಅಂದಾಗ ಸತ್ತವನ ಹೆಸರನ್ನೂ ಹುಡುಕುತ್ತಿದ್ದರು.

ಸಾಯಂಕಾಲ ಅಂಗಡಿಗೆ ಹೋದರು. ಮಲ್ಲಿಕಾರ್ಜುನಯ್ಯ ಒಂದು ಬಿಂದಿಗೆಯ ಕತ್ತಿನ ಮೇಲೆ ಯಾರದೋ ಹೆಸರು ಕೊರೆಯುತ್ತಿದ್ದರು. ಹೆಂಡತಿ ಹೇಳುವುದನ್ನೆಲ್ಲ ಮಷೀನು ನಿಲ್ಲಿಸಿ ಕೇಳಿದರು.

“ನಿಂಗೇನಾದ್ರೂ ತಲೆ ನೆಟ್ಟಗೈತಾ? ನಿಮ್ ತಾತ ಇಟ್ಟ ಹೆಸರು. ಊರ ತುಂಬ ಈ ಅಂಗಡಿ ಪಾತ್ರೆ ಅವೆ. ಯಾರಾದ್ರೂ ಬಂದು ಕೇಳಿದ್ರೆ ನಾನೇನು ಹೇಳ್ಲಿ?”

“ಅಂಬುಜಕ್ಕನ ಯಜಮಾನ್ರು ಏನು ಹೇಳಿದ್ರೋ ಅದನ್ನೇ ಹೇಳ್ರೀ.”

“ಅವ್ರಿಗೆ ಗೊತ್ತೇ ಇರ್ಲಿಲ್ಲವಲ್ಲೇ.”

“ನಿಮಗೆ ಗೊತ್ತಾಯ್ತಲ್ಲ. ಅಷ್ಟು ವಾಸಿ.”

ಮಲ್ಲಿಕಾರ್ಜುನಯ್ಯ ಬಿಂದಿಗೆಯನ್ನು ತೊಡೆಯ ಮೇಲೆ ತಿರುಗಿಸಿಕೊಂಡರು. “ನೋಡು, ಕೊರೆದ ಪಾತ್ರೆ ನಾನು ವಾಪಸು ತಗೊಳ್ಳಲ್ಲ, ಅದು ನಿಂಗೂ ಗೊತ್ತು,” ಎಂದು ಹೇಳಿ ಮಷೀನು ಹಾಕಿದರು. ಅದು ಒಪ್ಪಿಗೆಯೋ ಅಲ್ಲವೋ ದ್ರಾಕ್ಷಾಯಿಣಿ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಪತ್ರದಲ್ಲಿ ಅಂಬುಜಮ್ಮ ಎಂದಿದ್ದ ಕಡೆಯಲ್ಲೆಲ್ಲ ಹೊಡೆದು ಹಾಕಿ ಹೊಸದಾಗಿ ಟೈಪ್ ಮಾಡಿಸಿದರು. ನನ್ನ ಹೆಸರನ್ನು ಸದರಿ ಭತ್ಯೆಗೆ ಇಡಲು ನನ್ನ ಪೂರ್ಣ ಒಪ್ಪಿಗೆ ಇರುತ್ತದೆ ಎಂಬುದರ ಕೆಳಗೆ ಸಹಿ ಹಾಕಿದರು. ಮ್ಯಾನೇಜರ್ ಓದದೆಯೇ ಮೊಹರು ಒತ್ತಿದರು. ಮೇಘನಾ ಓದಿದಳು, ತಲೆಯೆತ್ತಿ ಒಂದು ಸಲ ನೋಡಿದಳು, ನಾಲ್ಕು ತುಂಡು ಟೈಪ್ ಮಾಡಿದಳು. ಭಾರತ, ಕೊಡುವುದು, ತಿಂಗಳಿಗೊಮ್ಮೆ ಎಂಬುದರ ನಡುವೆ ಅವರ ಹೆಸರು ಪೂರ್ತಿಯಾಗಿ ಹಿಡಿಸಿತು. ಆಮೇಲೆ ಅವಳು ಕ್ಯಾಂಟೀನಿಗೆ ಹೋಗಿ ಎರಡು ಟೀ ತಂದಳು. ಅದುವರೆಗೆ ಟೀ ತರಿಸುವುದು ದ್ರಾಕ್ಷಾಯಿಣಿಯ ಕೆಲಸವಾಗಿತ್ತು.

ಫೋನಿಗೆ ಬಂದ ಚೀಟಿಯಲ್ಲಿದ್ದ ದ್ರಾಕ್ಷಾಯಿಣಿ ಭತ್ಯೆ ಎಂದರೆ ಯಾರ ಹೆಸರೆಂದು ಸೌಮ್ಯ ಮತ್ತು ಉಳಿದವರಿಗೆ ತಿಳಿಯಲು ಒಂದು ದಿನ ಹಿಡಿಯಿತು. ತಿಳಿದ ಮೇಲೆ ಸೌಮ್ಯ ಟೈಮ್ ಆಫೀಸಿನ ಬಾಗಿಲಿಗೆ ಬಂದು ನಿಂತಳು.

“ಇದೇನ್ ಮೇಡಂ ಇಂಗ್ ಮಾಡ್ಬುಟ್ರಿ? ನಮ್ಗೆ ಬಾಯಿ ಬರಕಿಲ್ಲ ನಿಮ್ ಹೆಸ್ರ ಇಂಗನ್ನಕೆ.”

“ಮನೇಲಿ ಏನಂದ್ರು?”

“ಯಾರಾದ್ರೂ ದೇವ್ರ ಹೆಸ್ರಲ್ಲಿ ಕೊಡೋ ದುಡ್ಡಾ ಅಂತ ನಮ್ ಮಾವ ಕೇಳುದ್ರು. ಹೂಂ ಅಂದೆ.”

“ಸರಿ ಹೋಗು. ಲೈನಲ್ಲಿ ಹುಡುಕ್ತಾರೆ.”

ಹೊಸ ತಿಂಗಳ ಪಟ್ಟಿ ಬರೆಯಲು ಕೂತಾಗ ಕೈ ಅಭ್ಯಾಸದಲ್ಲಿ ಅಂ ಎಂದು ಬರೆದುಬಿಟ್ಟಿತು. ಆ ಹಾಳೆ ಹರಿದು ಇನ್ನೊಂದು ತಗೊಂಡು ಮೇಲೆ ತಮ್ಮ ಹೆಸರು ಬರೆದು ಅಂಟಿಸಿದರು.

ಆದರೆ ಬಾಯಿ ಅಷ್ಟು ಬೇಗ ಬದಲಾಗುತ್ತದೆಯೇ? ಪಟ್ಟಿಯಲ್ಲಿ ಏನೇ ಇರಲಿ, ಹದಿನಾಲ್ಕು ಜನ ಅಂಬುಜಮ್ಮ ಅಂತಲೇ ಅನ್ನುತ್ತಿದ್ದರು. ಮೇಡಂ ಮೇಲಿನ ಮರ್ಯಾದೆಗೆ ಇನ್ನೂ ಒತ್ತಿ ಅನ್ನುತ್ತಿದ್ದರು. ಈಗ ದ್ರಾಕ್ಷಾಯಿಣಿಗೆ ಪ್ರತಿ ಸಲವೂ ಅದು ಕಿವಿಗೆ ಬೀಳುತ್ತಿತ್ತು. ಬಿದ್ದಾಗಲೆಲ್ಲ ಎರಡು ಥರ ಆಗುತ್ತಿತ್ತು. ಸದ್ಯ, ನನ್ನದಲ್ಲ ಎಂದು ಒಂದು ನಿಟ್ಟುಸಿರು. ಅದರ ಹಿಂದೆಯೇ, ಅಂಬುಜಕ್ಕನ ಹೆಸರು ಇನ್ನೂ ಅಲ್ಲೇ ಬಿದ್ದಿದೆಯಲ್ಲ ಎಂಬ ಬೇಸರ. ಹಾಗೆ ಅನ್ನಬೇಡಿ ಎಂದು ಒಂದೆರಡು ಸಲ ಹೇಳಿದರು. ಆಯ್ತು ಮೇಡಂ ಎಂದವರು ಹತ್ತು ಹೆಜ್ಜೆ ಹೋಗಿ ಮತ್ತೆ ಅದನ್ನೇ ಅಂದರು. ಹೀಗೇ ಐದು ತಿಂಗಳು ಕಳೆಯಿತು.

ಆರನೇ ತಿಂಗಳು ಸರದಿಯಿಂದ ಇಬ್ಬರು ಬಿಟ್ಟರು, ಹೊಸಬರು ಇಬ್ಬರು ಸೇರಿದರು. ಅವರಲ್ಲಿ ಒಬ್ಬಳು ಶ್ವೇತ, ಕಬ್ಬಾಳಿನ ಪಕ್ಕದ ಹಳ್ಳಿಯವಳು, ಫ್ಯಾಕ್ಟರಿಗೆ ಬಂದು ಎರಡು ತಿಂಗಳಾಗಿತ್ತು. ಅಂಬುಜಮ್ಮನನ್ನು ಕಂಡವಳಲ್ಲ, ಹಳೇ ಚೀಟಿ ನೋಡಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ಪಟ್ಟಿಯ ಮೇಲಿನ ತಲೆಬರಹ ಮಾತ್ರ, ಅದು ಮೇಡಂ ಹೆಸರೆಂದು ಗೊತ್ತಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಎಂಟೂವರೆಗೆ ಅವಳು ಟೈಮ್ ಆಫೀಸಿನ ಬಾಗಿಲಲ್ಲಿ ನಿಂತು, ಪಟ್ಟಿಯ ಮೇಲೆ ಕಣ್ಣು ಓಡಿಸಿ, ತಾರೀಕು ಸಿಗದೆ ಒಳಗೆ ಇಣುಕಿದಳು. ಪಕ್ಕದಲ್ಲಿ ಅವಳ ಗೆಳತಿ ಮೂಗಿಗೆ ದುಪಟ್ಟ ಹಿಡಿದು ನಗುತ್ತಿದ್ದಳು.

“ಮೇಡಂ, ಇವತ್ತು ದ್ರಾಕ್ಷಾಯಿಣಿ ಯಾರ್ದು?”

ದ್ರಾಕ್ಷಾಯಿಣಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡು, ಪಟ್ಟಿಯ ನಕಲನ್ನು ಹತ್ತಿರಕ್ಕೆ ಎಳೆದುಕೊಂಡು, ಬೆರಳಿಟ್ಟು ತಾರೀಕು ಹುಡುಕಿದರು.

“ನಿಂದೇ ಕಣಮ್ಮ. ಬಕೆಟ್ಟು ಎರಡನೇ ಬಾಗಿಲ ಹಿಂದೆ ಇದೆ.”